ವಿಶ್ವವಿದ್ಯಾಲಯದ ಸಂಶೋಧನೆಯಿಂದ ನಮ್ಮ ಭಾಗಕ್ಕೆ, ದೇಶಕ್ಕೆ ಸಿಕ್ಕಿದ್ದೇನು? ಧಾರವಾಡ, ಗದಗ, ಹಾವೇರಿ ಕಡೆಯವರು ಹೇಳಿ

ರಟ್ಟೀಹಳ್ಳಿ ಅಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ಮಗಳು ಎಂಎಸ್ಸಿ ಅಗ್ರಿ ಮುಗಿಸಿದ್ದಾಳೆ. ತಳಿ ಅಭಿವೃದ್ಧಿ ಅವಳ ವಿಷಯ. ಪಿಎಚ್‌ಡಿಗೆ ಸೀಟು ಸಿಕ್ಕಿದೆ, ಅದೇ ಹೊತ್ತಿಗೆ ಬೀಜದ ಕಂಪನಿಯೊಂದರಿಂದ ನೌಕರಿಗೂ ಕರೆ ಬಂದಿದೆ. ಎಲ್ಲಿಗೆ ಹೋಗಬೇಕು ಅನ್ನೋದನ್ನು ಅವಳೇ ನೋಡಿಕೊಳ್ಳುತ್ತಾಳೆ, ನಾನು ಕೇಳಲು ಬಂದದ್ದು ಬೇರೆ.

ಮನೆಯಲ್ಲಿ ಈ ಮಾತು ಎದ್ದಾಗ ನಮ್ಮ ಸೋದರಮಾವ ಹೇಳಿದರು: "ಯೂನಿವರ್ಸಿಟಿ ಸಂಶೋಧನೆ ಕಪಾಟಿನಲ್ಲಿ ಕೂರುತ್ತದೆ. ಸರ್ಕಾರದ ದುಡ್ಡು ದಂಡ. ದೇಶ ನಡೆಯುವುದು ರೈತರಿಂದ, ವ್ಯಾಪಾರದಿಂದ." ಯಾರೂ ಎದುರು ಮಾತಾಡಲಿಲ್ಲ. ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆದರೆ ಒಪ್ಪುವುದಕ್ಕೂ ಮನಸ್ಸು ಬರಲಿಲ್ಲ.

ನಮ್ಮ ಸುತ್ತಮುತ್ತಲೇ ಎಷ್ಟು ವಿವಿಗಳಿವೆ ನೋಡಿ. ಧಾರವಾಡದಲ್ಲಿ ಕರ್ನಾಟಕ ವಿವಿ, ಕೃಷಿ ವಿವಿ, ಐಐಟಿ, ಐಐಐಟಿ. ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿವಿ, ಕಾನೂನು ವಿವಿ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ವಿವಿ. ನಮ್ಮ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿವಿ. ಇವುಗಳಿಂದ ಪದವಿ ಸಿಗುತ್ತದೆ, ಅದು ಗೊತ್ತು. ಬರೀ ಸಂಶೋಧನೆಯಿಂದ ಏನು ಸಿಕ್ಕಿದೆ? ಗೊತ್ತಿದ್ದವರು ಉದಾಹರಣೆ ಸಮೇತ ಹೇಳಿ.

ಹುಬ್ಬಳ್ಳಿ ವ್ಯಾಪಾರಿ
ನಿಮ್ಮ ಸೋದರಮಾವ ಹೇಳಿದ್ದು ಸರಿಯಾಗೇ ಇದೆ ಅಕ್ಕಾ.

ಹತ್ತಿ ಹೊಲ
ಸರಿ ಇಲ್ಲ ರೀ. ನಾನು ಹಾವೇರಿ ತಾಲೂಕಿನವನು. ನಮ್ಮದು ಎರೆ ಹೊಲ, ಅಜ್ಜನ ಕಾಲದಿಂದ ಹತ್ತಿ. ವರಲಕ್ಷ್ಮಿ ಹತ್ತಿ ಅಂದರೆ ನಮ್ಮ ಕಡೆ ಅರವತ್ತು ದಾಟಿದ ಯಾರಿಗಾದರೂ ಗೊತ್ತು. ಅದು ಬಂದದ್ದು 1972ರಲ್ಲಿ, ಧಾರವಾಡದಿಂದ. ಡಾ. ಬಿ.ಎಚ್. ಕಟರಕಿ ಅಂತ ವಿಜ್ಞಾನಿ, ಅವರು ಮಾಡಿದ್ದು. ಅಲ್ಲಿಯವರೆಗೆ ಉದ್ದ ಎಳೆಯ ಹತ್ತಿಗಾಗಿ ನಮ್ಮ ಗಿರಣಿಗಳು ಈಜಿಪ್ಟ್, ಸುಡಾನ್ ಕಡೆ ಮುಖ ಮಾಡುತ್ತಿದ್ದವು. ವರಲಕ್ಷ್ಮಿ ಬಂದ ಮೇಲೆ ಅಂಥ ಎಳೆ ನಮ್ಮ ಹೊಲದಲ್ಲೇ ಬಂತು.

ನಮ್ಮೂರಿನಲ್ಲಿ ಮಣ್ಣಿನ ಮಾಳಿಗೆ ಹೋಗಿ ಹಂಚಿನ ಮನೆ ಬಂದದ್ದು ವರಲಕ್ಷ್ಮಿ ದುಡ್ಡಿನಲ್ಲಿ ಅಂತ ಅಪ್ಪ ಈಗಲೂ ಹೇಳುತ್ತಾರೆ. ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ಅದು. ಇದನ್ನು ಕಪಾಟಿನಲ್ಲಿ ಕೂತ ಸಂಶೋಧನೆ ಅನ್ನುತ್ತೀರಾ?

ಸಪ್ತಾಪುರದವ
@ಹತ್ತಿ ಹೊಲ ಅಣ್ಣಾ, ಮಾತು ಸರಿ, ಸ್ವಲ್ಪ ತಿದ್ದುಪಡಿ. ಮೊದಲ ಹೈಬ್ರಿಡ್ ಹತ್ತಿ ಎಚ್-4. ಗುಜರಾತಿನ ಸೂರತ್‌ನಲ್ಲಿ ಸಿ.ಟಿ. ಪಟೇಲ್ ಮಾಡಿದ್ದು, 1970ರಲ್ಲಿ ಬಂತು. ವರಲಕ್ಷ್ಮಿಯ ಹೆಚ್ಚುಗಾರಿಕೆ ಬೇರೆ. ಅದು ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ಮಾಡಿದ ಹೈಬ್ರಿಡ್‌ಗಳಲ್ಲಿ ಮೊದಲನೆಯದು. ತಾಯಿ 'ಲಕ್ಷ್ಮಿ', ಅಮೆರಿಕನ್ ಜಾತಿ. ತಂದೆ ಈಜಿಪ್ಟಿನ ಹತ್ತಿಯ ಜಾತಿಗೆ ಸೇರಿದ, ಉದ್ದ ಎಳೆಯದು. 1981ರಲ್ಲಿ ಅದರ ಮುಂದಿನದು ಬಂತು, ಡಿಸಿಎಚ್-32. ಜಯಲಕ್ಷ್ಮಿ ಅಂತಾರಲ್ಲ, ಅದೇ.

ಇನ್ನೊಂದು ವಿಷಯ. 1972ರಲ್ಲಿ ಧಾರವಾಡದಲ್ಲಿ ಪ್ರತ್ಯೇಕ ಕೃಷಿ ವಿವಿ ಇರಲಿಲ್ಲ. ಕೃಷಿ ಕಾಲೇಜು 1947ರದು. ಆಮೇಲೆ ಅದು ಬೆಂಗಳೂರು ಕೃಷಿ ವಿವಿ ಕೈಕೆಳಗೆ ಬಂತು. ಧಾರವಾಡ ಕೃಷಿ ವಿವಿ ಆದದ್ದು 1986ರಲ್ಲಿ.

ಗದಗ ಹಳೇ ಕಾಗದ
ಲಕ್ಷ್ಮಿ ಹತ್ತಿಯ ಮಾತು ಬಂತಲ್ಲ, ನಮ್ಮ ಗದಗನ್ನೂ ಸೇರಿಸಿಕೊಳ್ಳಿ. ಆ ಲಕ್ಷ್ಮಿಯಲ್ಲಿ ಗದಗ-1 ಎಂಬ ಹಳೇ ತಳಿಯ ಪಾಲು ಇದೆ. ಗದಗ-1 ಆರಿಸಿ ತೆಗೆದದ್ದು 'ಧಾರವಾಡ ಅಮೆರಿಕನ್' ಹತ್ತಿಯಿಂದ. ಆ ಅಮೆರಿಕನ್ ಹತ್ತಿ ನಮ್ಮ ಕಡೆಗೆ ಬಂದದ್ದು 1840ರ ದಶಕದಲ್ಲಿ. ಈಸ್ಟ್ ಇಂಡಿಯಾ ಕಂಪನಿಯವರು ಇಂಗ್ಲೆಂಡಿನ ಗಿರಣಿಗಳ ಅನುಕೂಲಕ್ಕೆ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ, ಗದಗಿನಲ್ಲಿ ಬೆಳೆಸಿ ನೋಡಿದ್ದರು.

ಲೆಕ್ಕ ಹಾಕಿ. ಬೀಜ ಬಂದು ಒಂದು ತಲೆಮಾರಾದ ಮೇಲೆ ನೆಲಕ್ಕೆ ಒಗ್ಗಿತು. ಅದರಲ್ಲಿ ಒಳ್ಳೆಯದನ್ನು ಆರಿಸಿ ಗದಗ-1 ಆಯಿತು. ಅದನ್ನು ಇನ್ನೊಂದಕ್ಕೆ ಕೂಡಿಸಿ ಲಕ್ಷ್ಮಿ ಆಯಿತು. ಲಕ್ಷ್ಮಿಯಿಂದ ವರಲಕ್ಷ್ಮಿ. ನೂರಾ ಮೂವತ್ತು ವರ್ಷದ ಕೆಲಸ ಇದು. ನಡುವೆ ಯಾವುದಾದರೂ ಒಬ್ಬ ಅಧಿಕಾರಿ "ಹತ್ತು ವರ್ಷ ಆಯಿತು, ಲಾಭ ಎಲ್ಲಿ?" ಅಂತ ಕೇಳಿ ಆ ಸಣ್ಣ ಪ್ಲಾಟುಗಳನ್ನು ಮುಚ್ಚಿಸಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ನನಗೆ ಈ ವಿಷಯ ಓದುವಾಗಲೆಲ್ಲ ಆ ಹೆಸರಿಲ್ಲದ ಸಿಬ್ಬಂದಿ ನೆನಪಾಗುತ್ತಾರೆ. ಪ್ರತಿ ವರ್ಷ ಬಿತ್ತಿ, ಗುರುತು ಕಟ್ಟಿ, ವಹಿಯಲ್ಲಿ ಬರೆದಿಟ್ಟವರು.

ಹುಬ್ಬಳ್ಳಿ ವ್ಯಾಪಾರಿ
ಎಲ್ಲ ಸರಿ. ಆದರೆ ನೀವು ಹೇಳುತ್ತಿರುವುದು 1972, 1981. ನಾನು ಕೇಳುತ್ತಿರುವುದು ಈಗಿನದು. ಇವತ್ತು ಹಾವೇರಿ ಹೊಲದಲ್ಲಿ ಇರೋದು ಕಂಪನಿಗಳ ಬಿಟಿ ಹತ್ತಿ, ಅಂದರೆ ಕಾಯಿಕೊರಕ ತಡೆಯಲು ಬೇರೆ ಜೀವಿಯ ಜೀನ್ ಸೇರಿಸಿದ ಹತ್ತಿ. 2002ರಲ್ಲಿ ಬಿಟಿಗೆ ಒಪ್ಪಿಗೆ ಸಿಕ್ಕಿತು, ಕೆಲವೇ ವರ್ಷದಲ್ಲಿ ಊರಿಗೆ ಊರೇ ಬದಲಾಯಿತು. ಆ ಬೀಜ ವಿವಿಯಿಂದ ಬಂದಿದೆಯಾ?

ನಾನು ಅರಳೆ ವ್ಯಾಪಾರದಲ್ಲಿದ್ದೇನೆ, ವಿವಿ ಮೇಲೆ ನನಗೆ ದ್ವೇಷ ಇಲ್ಲ. ನನ್ನ ತಮ್ಮನೇ ಪಿಎಚ್‌ಡಿ. ಅವನ ಪ್ರಬಂಧವನ್ನು ಗೈಡ್ ಬಿಟ್ಟು ಇನ್ನೊಬ್ಬರು ಓದಿಲ್ಲ ಅಂತ ಅವನೇ ಬೇಜಾರು ಮಾಡಿಕೊಳ್ಳುತ್ತಾನೆ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳು, ನಕಲು ತಪಾಸಣೆಯ ಸಾಫ್ಟ್‌ವೇರ್‌ನಿಂದ ಪಾರಾಗಲು ಸಾಲುಗಳನ್ನು ಹಿಂದೆಮುಂದೆ ಮಾಡುವುದು, ಇವೆಲ್ಲ ಇಲ್ಲಿ ಬರೆಯುವ ಎಲ್ಲರಿಗೂ ಗೊತ್ತಿರುವ ಸಂಗತಿ. ಇದಕ್ಕೆ ಸಂಶೋಧನೆ ಅಂತ ಹೆಸರು ಯಾಕೆ?

ಲ್ಯಾಬ್ ಕೋಟು
ನಾನು ರಾಜ್ಯದ ಒಂದು ವಿವಿಯಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದೇನೆ. @ಹುಬ್ಬಳ್ಳಿ ವ್ಯಾಪಾರಿ ಸರ್, ನೀವು ಹೇಳಿದ ರೋಗ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಬೆಳೆದದ್ದು ಯಾಕೆ? ಬಡ್ತಿಗೆ ಇಷ್ಟು ಪೇಪರ್, ಪಿಎಚ್‌ಡಿಗೆ ಇಷ್ಟು ಪೇಪರ್ ಅಂತ ಎಣಿಕೆ ಇಟ್ಟದ್ದಕ್ಕೆ. ಎಣಿಸುವವರಿಗೆ ಎಣಿಕೆಯೇ ಸಿಗುತ್ತದೆ. ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನುವ ನಿಯಮವನ್ನು ವಿವಿಗಳ ಮೇಲಿನ ಕೇಂದ್ರ ಆಯೋಗ ಯುಜಿಸಿ 2022ರಲ್ಲಿ ತೆಗೆಯಿತು. ಅಭ್ಯಾಸ ಮಾತ್ರ ಹೋಗಿಲ್ಲ.

ನಮ್ಮ ಕಷ್ಟವನ್ನೂ ಕೇಳಿ. ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ ನೆಟ್-ಜೆಆರ್‌ಎಫ್ ಫೆಲೋಶಿಪ್ ಇದ್ದವರಿಗೆ ತಿಂಗಳಿಗೆ 37,000 ರೂಪಾಯಿ. ಇಲ್ಲದವರಿಗೆ ಕೇಂದ್ರ ವಿವಿಗಳಲ್ಲಿ 8,000. ರಾಜ್ಯದ ವಿವಿಗಳಲ್ಲಿ ಎಷ್ಟೋ ಜನರಿಗೆ ಅದೂ ಇಲ್ಲ. ನನ್ನ ಜೊತೆಗಿರುವ ಹುಡುಗಿ ಬೆಳಿಗ್ಗೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಮಧ್ಯಾಹ್ನ ಲ್ಯಾಬ್, ಸಂಜೆ ಟ್ಯೂಷನ್. ಒಂದು ಸಾಲ್ವೆಂಟ್ ಬಾಟಲಿ ತರಿಸಬೇಕಾದರೆ ಮೂರು ಕೊಟೇಶನ್, ಐದು ಸಹಿ. ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಕೊನೆಗೆ ನಾವೇ ಕೈಯಿಂದ ಹಾಕಿ ತರುತ್ತೇವೆ.

ಪಾಠದ ಮಾಸ್ತರ
ನಾನು ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ. ಅಂಕಿಗಳನ್ನು ಹೇಳುತ್ತೇನೆ, ಜಗಳಕ್ಕೆ ಸ್ವಲ್ಪ ನೆಲ ಸಿಗಲಿ.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಲೆಕ್ಕದಂತೆ 2020-21ರಲ್ಲಿ ಭಾರತ ಸಂಶೋಧನೆಗೆ ಹಾಕಿದ್ದು ಜಿಡಿಪಿಯ ಶೇ 0.64. ಒಟ್ಟು ಸುಮಾರು 1 ಲಕ್ಷ 27 ಸಾವಿರ ಕೋಟಿ ರೂಪಾಯಿ. ಚೀನಾ ಶೇ 2.4ರ ಆಸುಪಾಸು, ದಕ್ಷಿಣ ಕೊರಿಯಾ ಸುಮಾರು ಶೇ 5.

ಈಗ ಮುಖ್ಯ ಮಾತು. ನಮ್ಮ ಆ ಒಟ್ಟು ಮೊತ್ತದಲ್ಲಿ ವಿವಿ, ಕಾಲೇಜುಗಳ ಪಾಲು ಬರೀ ಶೇ 8.8. ಕೇಂದ್ರ ಸರ್ಕಾರದ್ದು ಶೇ 43.7. ಖಾಸಗಿ ಉದ್ಯಮದ್ದು ಶೇ 36.4. ದೇಶದಲ್ಲಿ ಸಾವಿರಕ್ಕೂ ಜಾಸ್ತಿ ವಿವಿಗಳಿವೆ. ಅವೆಲ್ಲಕ್ಕೂ ಸೇರಿ ಹನ್ನೊಂದು ಸಾವಿರ ಕೋಟಿ ಚಿಲ್ಲರೆ. ಅದರಲ್ಲೂ ದೊಡ್ಡ ಸಂಸ್ಥೆಗಳದ್ದೇ ಮೇಲುಗೈ. ಜಿಲ್ಲೆಯ ವಿವಿಗೆ ಉಳಿಯುವುದು ಎಷ್ಟು ಅಂತ ನೀವೇ ಊಹಿಸಿ.

ಹಾಗಾಗಿ "ಸರ್ಕಾರದ ದುಡ್ಡು ದಂಡ" ಅನ್ನುವ ಮೊದಲು ದುಡ್ಡು ಎಷ್ಟು ಕೊಟ್ಟಿದ್ದೇವೆ ಅನ್ನೋದನ್ನು ನೋಡಬೇಕು. ಬೇರೆ ಎಷ್ಟೋ ದೇಶಗಳಲ್ಲಿ ಓದಿಸುವ ಜಾಗ, ಹುಡುಕುವ ಜಾಗ ಎರಡೂ ಒಂದೇ. ನಾವು ಸ್ವಾತಂತ್ರ್ಯದ ನಂತರ ಹುಡುಕುವ ಕೆಲಸವನ್ನು ಹೆಚ್ಚಾಗಿ ಕೇಂದ್ರದ ಪ್ರಯೋಗಾಲಯಗಳಿಗೆ ಕೊಟ್ಟೆವು, ಓದಿಸುವುದನ್ನು ವಿವಿಗಳಿಗೆ ಬಿಟ್ಟೆವು. ಹುಡುಗರು ಒಂದು ಕಡೆ, ಉಪಕರಣಗಳು ಇನ್ನೊಂದು ಕಡೆ ಆದವು. ನನ್ನ ಪ್ರಕಾರ ನಮ್ಮ ದೊಡ್ಡ ಎಡವಟ್ಟು ಇದೇ.

ಪಂಪಾನಗರ
ಮಾಸ್ತರ ಅಂಕಿ ಕೊಟ್ಟ ಮೇಲೆ ಯಾರೂ ಮಾತಾಡುತ್ತಿಲ್ಲವಲ್ಲ!

ಸಪ್ತಾಪುರದವ
ಕೃಷಿ ವಿವಿಗಳು ಮಾತ್ರ ಇದಕ್ಕೆ ಹೊರತು ಮಾಸ್ತರೇ. ಅಮೆರಿಕದಲ್ಲಿ 1862ರಲ್ಲಿ ಕಾನೂನು ಮಾಡಿ ರಾಜ್ಯಗಳಿಗೆ ಜಮೀನು ಕೊಟ್ಟು ಕೃಷಿ, ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ಎಬ್ಬಿಸಿದರು. ಕಲಿಸುವುದು, ಸಂಶೋಧನೆ, ರೈತರಿಗೆ ತಿಳಿಸುವುದು, ಮೂರೂ ಒಂದೇ ಸೂರಿನಡಿ. ನಮ್ಮಲ್ಲಿ 1960ರಲ್ಲಿ ಪಂತನಗರ ಅದೇ ಮಾದರಿಯಲ್ಲಿ ಶುರುವಾಯಿತು, ಆಮೇಲೆ ಬೆಂಗಳೂರು. ಧಾರವಾಡದ್ದೂ ಅದೇ ವಂಶ. ಅದಕ್ಕೇ ನಮ್ಮ ಭಾಗದಲ್ಲಿ ಸಂಶೋಧನೆಯ ಉದಾಹರಣೆ ಕೇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಹತ್ತಿ, ಶೇಂಗಾ, ಗೋಧಿ.

ರಾಣೆಬೆನ್ನೂರು ಶಾಂತಾ
ವ್ಯಾಪಾರಿ ಅಣ್ಣಾ, ಬಿಟಿ ಬೀಜ ಕಂಪನಿಯದೇ ಇರಬಹುದು. ಆದರೆ ಅದನ್ನು ತಯಾರು ಮಾಡುವ ಕೈಕೆಲಸ ಎಲ್ಲಿಂದ ಬಂತು? ನಾನು ಹುಡುಗಿಯಾಗಿದ್ದಾಗ ಅವ್ವನ ಜೊತೆ ಹೈಬ್ರಿಡ್ ಬೀಜ ಮಾಡುವ ಕ್ರಾಸಿಂಗ್ ಹೊಲಕ್ಕೆ ಹೋಗಿದ್ದೇನೆ. ಸಂಜೆ ಹೆಣ್ಣು ಸಾಲಿನಲ್ಲಿ ಮರುದಿನ ಅರಳುವ ಮೊಗ್ಗು ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಸೀಳಿ ಎಸಳು, ಕೇಸರ ಎರಡೂ ಒಟ್ಟಿಗೆ ತೆಗೆಯಬೇಕು. ನಡುವಿನ ಕಡ್ಡಿಗೆ ಪೆಟ್ಟಾಗಬಾರದು, ಒಂದು ಕೇಸರವೂ ಉಳಿಯಬಾರದು. ಉಳಿದರೆ ಬೀಜ ಕೆಟ್ಟಿತು. ಕೆಂಪು ಕಾಗದ ಮುಚ್ಚಿ ಬರುವುದು. ಮರುದಿನ ಬಿಸಿಲೇರುವ ಮೊದಲು ಗಂಡು ಸಾಲಿನ ಹೂ ತಂದು ಒಂದೊಂದಕ್ಕೂ ಪರಾಗ ಹಚ್ಚಿ ದಾರ ಕಟ್ಟುವುದು. ಒಂದು ಹೂವಿನಿಂದ ಐದಾರು ಹೂವಿಗೆ ಆಗುತ್ತದೆ.

ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಎತ್ತಿಟ್ಟು ಮರು ವರ್ಷ ಬಿತ್ತಿದರೆ ಬೆಳೆ ಒಂದೇ ಸಮ ಬರುವುದಿಲ್ಲ. ಅದಕ್ಕೆ ಪ್ರತಿ ವರ್ಷ ಹೊಸದಾಗಿ ಕ್ರಾಸ್ ಮಾಡಲೇಬೇಕು. ವರಲಕ್ಷ್ಮಿ, ಜಯಲಕ್ಷ್ಮಿ ಕಾಲದಲ್ಲಿ ನಮ್ಮ ಕಡೆ ಹೆಂಗಸರು ಇದನ್ನು ಕಲಿತರು. ಆಮೇಲೆ ಟೊಮೆಟೊ, ಮೆಣಸಿನಕಾಯಿ, ಬದನೆ, ಎಲ್ಲದರ ಬೀಜವೂ ಇಲ್ಲೇ ಆಗತೊಡಗಿತು. ಇವತ್ತು ರಾಣೆಬೆನ್ನೂರು ಸುತ್ತ ಬೀಜದ ಕಂಪನಿಗಳು ಸಾಲಾಗಿ ಇರುವುದು ಈ ಕೈಗಳಿಗಾಗಿ. ವಿವಿ ಬಿಡುಗಡೆ ಮಾಡಿದ ಒಂದು ತಳಿಯಿಂದ ಒಂದು ಕಸುಬೇ ಹುಟ್ಟಿತು.

ಒಳ್ಳೆಯದನ್ನೇ ಹೇಳಿ ನಿಲ್ಲಿಸುವುದಿಲ್ಲ. ಮಕ್ಕಳನ್ನು ಶಾಲೆ ಬಿಡಿಸಿ ಈ ಕೆಲಸಕ್ಕೆ ಹಚ್ಚಿದ್ದೂ ನಿಜ. ನಾನೇ ಹೋದವಳು. ಅಂಥದ್ದನ್ನು ನೋಡಿ ಬರೆಯುವುದೂ ಸಂಶೋಧನೆಯೇ ಅಲ್ವಾ? ಸಮಾಜಶಾಸ್ತ್ರದವರು ಹೊಲಕ್ಕೆ ಬಂದು ಕೂಲಿ ಎಷ್ಟು, ವಯಸ್ಸು ಎಷ್ಟು ಅಂತ ಬರೆದುಕೊಂಡದ್ದರಿಂದಲೂ ಈ ಸಂಗತಿ ಹೊರಗೆ ಬಂತು.

ರಟ್ಟೀಹಳ್ಳಿ ಅಕ್ಕ
ಶಾಂತಾ, ನೀವು ಬರೆದದ್ದನ್ನು ಅಣ್ಣನ ಮಗಳಿಗೆ ಓದಿ ಹೇಳಿದೆ. ಅವಳು ಒಂದು ಮಾತು ಸೇರಿಸಲು ಹೇಳಿದಳು. 2009ರಲ್ಲಿ ಸರ್ಕಾರಿ ಸಂಸ್ಥೆಗಳೇ ಬಿಟಿ ಹತ್ತಿ ಬಿಡುಗಡೆ ಮಾಡಿದ್ದವಂತೆ. ಬಿಕಾನೇರಿ ನರ್ಮಾ ಬಿಟಿ ಅಂತ. ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ, ದಿಲ್ಲಿಯವರು, ನಮ್ಮ ಧಾರವಾಡ ಕೃಷಿ ವಿವಿ ಸೇರಿ ಮಾಡಿದ್ದು. ರೈತರು ಬೀಜ ಎತ್ತಿಟ್ಟುಕೊಂಡು ಮತ್ತೆ ಬಿತ್ತಬಹುದಾದ ತಳಿ. ಆಮೇಲೆ ಅದರಲ್ಲಿ ಕಂಪನಿಯ ಜೀನ್ ಬೆರೆತಿರುವುದು ಕಂಡುಬಂದು ಹಿಂದಕ್ಕೆ ತೆಗೆದುಕೊಂಡರಂತೆ. ವಿಚಾರಣೆಗೆ ಸಮಿತಿಯೂ ಆಗಿತ್ತು.

ಹುಬ್ಬಳ್ಳಿ ವ್ಯಾಪಾರಿ
ನೋಡಿದಿರಾ? ಇದೇ ನಾನು ಹೇಳಿದ್ದು. ಮಾಡುವ ಹೊತ್ತಿಗೆ ಮಾಡಲಿಲ್ಲ, ಮಾಡಿದ್ದು ನಿಲ್ಲಲಿಲ್ಲ.

ಹತ್ತಿ ಹೊಲ
ಅದು ನಿಂತಿದ್ದರೆ ನಮ್ಮ ಬೀಜದ ಖರ್ಚು ಎಷ್ಟು ಇಳಿಯುತ್ತಿತ್ತು ಅನ್ನೋದನ್ನೂ ಲೆಕ್ಕ ಹಾಕಿ ಸರ್. ಕಂಪನಿ ಬೀಜ ಒಂದೇ ಗತಿ ಆದಾಗ ಅವರು ಹೇಳಿದ್ದೇ ದರ. ಸರ್ಕಾರಿ ತಳಿ ಪಕ್ಕದಲ್ಲಿ ಇದ್ದರೆ ಅವರಿಗೂ ಒಂದು ಅಂಕೆ. ಆ ಕೆಲಸ ಕೆಟ್ಟಿತು ಅಂತ ನನಗೆ ಸಿಟ್ಟು ಇದೆ. ಆದರೆ ಸಿಟ್ಟಿನಲ್ಲಿ ಬಾಗಿಲು ಮುಚ್ಚಿಸುವ ಮಾತಾಡಿದರೆ ಕಳೆದುಕೊಳ್ಳುವವರು ನಾವೇ.

ತಾರಿಹಾಳ ಮೆಕ್ಯಾನಿಕ್
ಎಲ್ಲರೂ ಹೊಲದ ಮಾತೇ ಆಡುತ್ತಿದ್ದೀರಿ. ಹುಬ್ಬಳ್ಳಿಯಲ್ಲಿ ವಾಲ್ವ್ ಕಾರ್ಖಾನೆಗಳೂ ಇವೆ ಸ್ವಾಮಿ. ನಾನು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ, ದೊಡ್ಡವರಿಗೆ ಜಾಬ್ ವರ್ಕ್ ಮಾಡಿಕೊಡುತ್ತೇನೆ. ವಾಲ್ವ್ ಸೀಟಿನ ಮೇಲೆ ಗಟ್ಟಿ ಲೋಹದ ಪದರ ವೆಲ್ಡ್ ಮಾಡುವ ಕೆಲಸ ಇತ್ತು. ನೋಡಲು ಚೆಂದ ಬರುತ್ತಿತ್ತು, ಗ್ರೈಂಡಿಂಗ್ ಆದ ಮೇಲೆ ಕೂದಲೆಳೆ ಬಿರುಕು. ಪೀಸುಗಳು ವಾಪಸ್ ಬರುತ್ತಿದ್ದವು. ವೆಲ್ಡರ್‌ನ ಕೈ ಸರಿ ಇಲ್ಲ ಅಂತ ಎರಡು ಜನರನ್ನು ಬದಲಾಯಿಸಿದೆವು, ಬಿರುಕು ನಿಲ್ಲಲಿಲ್ಲ.

ಒಬ್ಬ ಎಂಟೆಕ್ ಹುಡುಗ ಪ್ರಾಜೆಕ್ಟ್ ಕೇಳಿಕೊಂಡು ಬಂದ. ಬಿರುಕು ಬಿಟ್ಟ ಪೀಸು ಕತ್ತರಿಸಿ, ಕನ್ನಡಿ ತರಹ ಪಾಲಿಶ್ ಮಾಡಿ, ಕಾಲೇಜಿನ ಮೈಕ್ರೋಸ್ಕೋಪ್ ಕೆಳಗೆ ಇಟ್ಟ. ವೆಲ್ಡ್ ಮಾಡುವ ಮೊದಲು ಪೀಸನ್ನು ಎಷ್ಟು ಕಾಯಿಸಬೇಕು, ಆಮೇಲೆ ಎಷ್ಟು ನಿಧಾನ ಆರಿಸಬೇಕು ಅಂತ ಬೇರೆ ಬೇರೆ ಶಾಖದಲ್ಲಿ ಪೀಸು ಮಾಡಿಸಿ ಪಟ್ಟಿ ಬರೆದ. ಈಗ ನಾವು ವೆಲ್ಡ್ ಆದ ಕೂಡಲೇ ಪೀಸನ್ನು ಒಣ ಸುಣ್ಣದ ಪುಡಿಯಲ್ಲಿ ಹೂತಿಡುತ್ತೇವೆ, ರಾತ್ರಿಯಿಡೀ ನಿಧಾನ ಆರುತ್ತದೆ. ವಾಪಸ್ ಬರುವುದು ಬಹಳ ಕಡಿಮೆ ಆಗಿದೆ. ಆ ಹುಡುಗನ ಥೀಸಿಸ್ ಯಾವ ಕಪಾಟಿನಲ್ಲಿ ಇದೆಯೋ ಗೊತ್ತಿಲ್ಲ, ಆ ಪಟ್ಟಿ ಮಾತ್ರ ನಮ್ಮ ಗೋಡೆಯ ಮೇಲಿದೆ.

ಇನ್ನೊಂದು ಸಲ ಬೇರೆ ಕಾಲೇಜಿಗೆ ಇಂಥದ್ದೇ ಕೆಲಸಕ್ಕೆ ಹೋದೆ. ಪತ್ರ ಬರೆಯಿರಿ, ಒಪ್ಪಂದಕ್ಕೆ ಸಹಿ ಬೇಕು, ಸಮಿತಿ ಕೂರಬೇಕು ಅಂದರು. ಅವರ ಸಮಿತಿ ಕೂರುವಷ್ಟರಲ್ಲಿ ನನ್ನ ಆರ್ಡರ್ ಹೋಯಿತು.

ಹುಬ್ಬಳ್ಳಿ ವ್ಯಾಪಾರಿ
ಮೆಕ್ಯಾನಿಕ್ ಸಾಹೇಬರೇ, ನೀವು ಹೇಳಿದ್ದು ಟೆಸ್ಟಿಂಗ್. ಅದಕ್ಕೆ ವಿವಿ ಯಾಕೆ? ಖಾಸಗಿ ಲ್ಯಾಬ್ ಸಾಕು.

ತಾರಿಹಾಳ ಮೆಕ್ಯಾನಿಕ್
ಖಾಸಗಿ ಲ್ಯಾಬಿನವರು "ಬಿರುಕು ಇದೆ" ಅಂತ ಸರ್ಟಿಫಿಕೇಟ್ ಕೊಟ್ಟರು ಸರ್, ಬಿಲ್ಲೂ ಕೊಟ್ಟರು. ಯಾಕೆ ಇದೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನು ಆ ಹುಡುಗ.

ಬೆಂಗಳೂರಲ್ಲಿರೋ ಧಾರವಾಡದವ
ಸಾಫ್ಟ್‌ವೇರ್ ಕಡೆಯಿಂದ ಒಂದು ಉದಾಹರಣೆ. ಗೂಗಲ್ ಶುರುವಾದದ್ದು ಸ್ಟ್ಯಾನ್‌ಫರ್ಡ್ ವಿವಿಯಲ್ಲಿ, ಇಬ್ಬರು ಪಿಎಚ್‌ಡಿ ಹುಡುಗರ ಕೆಲಸದಿಂದ. ಡಿಜಿಟಲ್ ಲೈಬ್ರರಿ ಬಗ್ಗೆ ಸಂಶೋಧನೆಗೆ ಅಂತ ಅಮೆರಿಕ ಸರ್ಕಾರ ಕೊಟ್ಟ ಹಣದಲ್ಲಿ ನಡೆದ ಯೋಜನೆ ಅದು. ಪುಟಗಳಿಗೆ ಅಂಕ ಕೊಡುವ ಆ ವಿಧಾನದ ಪೇಟೆಂಟ್ ವಿವಿ ಹೆಸರಲ್ಲೇ ಇತ್ತು. ಅದಕ್ಕೆ ಬದಲಾಗಿ ಸಿಕ್ಕ ಷೇರುಗಳನ್ನು ಮಾರಿ ವಿವಿಗೆ ಸುಮಾರು 33.6 ಕೋಟಿ ಡಾಲರ್ ಬಂತು. 1980ರಲ್ಲಿ ಅವರು ಕಾನೂನು ಮಾಡಿದ್ದರು, ಸರ್ಕಾರದ ಹಣದಲ್ಲಿ ಆದ ಆವಿಷ್ಕಾರದ ಹಕ್ಕನ್ನು ವಿವಿ ಇಟ್ಟುಕೊಳ್ಳಬಹುದು ಅಂತ. ನಮ್ಮಲ್ಲೂ ಹಾಗೆ ಆಗಬೇಕು.

ಪಾಠದ ಮಾಸ್ತರ
ತಮ್ಮಾ, ಆ ಉದಾಹರಣೆ ಕೇಳಲು ಚೆಂದ. ಅಂಥದ್ದು ಅಪರೂಪ. ಪೇಟೆಂಟ್ ದುಡ್ಡಿನಿಂದಲೇ ವಿವಿ ನಡೆಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡ. ಅಲ್ಲೂ ಬಹಳಷ್ಟು ವಿವಿಗಳಿಗೆ ಆ ಬಾಬ್ತು ಅಷ್ಟಕ್ಕಷ್ಟೇ.

ಕೋವಿಡ್ ಲಸಿಕೆಯ ಕಥೆ ಇನ್ನೂ ಪಾಠ ಕಲಿಸುತ್ತದೆ. ಕ್ಯಾಟಲಿನ್ ಕರಿಕೊ ಅಮೆರಿಕದ ಪೆನ್ಸಿಲ್ವೇನಿಯಾ ವಿವಿಯಲ್ಲಿ ಎಂಆರ್‌ಎನ್‌ಎ ಮೇಲೆ, ಅಂದರೆ ಪ್ರೋಟೀನ್ ಮಾಡಲು ಜೀವಕೋಶಕ್ಕೆ ಸಂದೇಶ ಒಯ್ಯುವ ಅಣುವಿನ ಮೇಲೆ, ಕೆಲಸ ಮಾಡುತ್ತಿದ್ದರು. ಅನುದಾನ ಸಿಗಲಿಲ್ಲ. 1995ರಲ್ಲಿ ಅವರನ್ನು ಕೆಳಗಿನ ಹುದ್ದೆಗೆ ಇಳಿಸಿದರು. ಅವರು ಬಿಡಲಿಲ್ಲ. 2005ರಲ್ಲಿ ಡ್ರೂ ವೈಸ್‌ಮನ್ ಜೊತೆ ಮುಖ್ಯವಾದ ಪೇಪರ್ ಬಂತು. ಅವತ್ತು ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. 2020ರ ಕೊನೆಗೆ ಲಸಿಕೆ, 2023ರಲ್ಲಿ ನೊಬೆಲ್. 1995ರಲ್ಲಿ "ಇದರಿಂದ ದೇಶಕ್ಕೇನು ಲಾಭ?" ಅಂತ ಕೇಳಿದ್ದರೆ ಸೊನ್ನೆ ಅನ್ನಬೇಕಾಗಿತ್ತು.

ಕನ್ನಡ ಓಲೆ
ಒಂದು ಪ್ರಶ್ನೆ ಕೇಳಲಾ? ಲಾಭ ಅಂದರೆ ದುಡ್ಡು ಮಾತ್ರವಾ? ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ. ಮುಂಬೈ ಸರ್ಕಾರದ ಕಾಲದಲ್ಲಿ ಶುರುವಾಗಿ ಆಮೇಲೆ ಕರ್ನಾಟಕ ವಿವಿಗೆ ಸೇರಿತು. ಶಾಸನ, ತಾಳೆಗರಿ, ನಾಣ್ಯ, ಇವೆಲ್ಲದರ ಕೆಲಸ. ನಮ್ಮ ಲಕ್ಕುಂಡಿಯ ಬಗ್ಗೆ, ಅತ್ತಿಮಬ್ಬೆಯ ಬಗ್ಗೆ ಇವತ್ತು ಶಾಲೆಯ ಮಕ್ಕಳು ಭಾಷಣ ಮಾಡುತ್ತಾರಲ್ಲ, ಅದು ಯಾರೋ ಬಿಸಿಲಲ್ಲಿ ನಿಂತು ಕಲ್ಲಿನ ಅಕ್ಷರ ಓದಿದ್ದರಿಂದ. ಅದನ್ನು ಯಾವ ಕಂಪನಿ ಮಾಡುತ್ತಿತ್ತು?

ಹುಬ್ಬಳ್ಳಿ ವ್ಯಾಪಾರಿ
ಇದಕ್ಕೂ ಉತ್ತರ ಇದೆ. ವಚನಗಳ ಓಲೆ ಹುಡುಕಿ ಪ್ರಕಟಿಸಿದ ಫ.ಗು. ಹಳಕಟ್ಟಿಯವರು ವಿವಿಯವರಲ್ಲ, ವಕೀಲರು. ಮನೆ ಮಾರಿ ಅಚ್ಚುಕೂಟ ನಡೆಸಿದವರು. ಕೆಲಸ ಮಾಡುವವರು ಎಲ್ಲಿದ್ದರೂ ಮಾಡುತ್ತಾರೆ.

ಕನ್ನಡ ಓಲೆ
ಹಳಕಟ್ಟಿಯವರಿಗೆ ಕೈ ಮುಗಿಯುತ್ತೇನೆ. ಆದರೆ ಒಬ್ಬ ಮನುಷ್ಯ ಮನೆ ಮಾರಿ ದೇಶದ ಕೆಲಸ ಮಾಡಬೇಕಾಗಿ ಬಂದದ್ದು ನಮಗೆ ಹೆಮ್ಮೆಯೋ, ನಾಚಿಕೆಯೋ ಹೇಳಿ. ಅವರ ನಂತರ ಬೇರೆ ಬೇರೆ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಯಾವ ಪಾಠ ಸರಿ, ಯಾವುದು ಆಮೇಲೆ ಸೇರಿದ್ದು ಅಂತ ತೂಗಿ ನೋಡುವ ಕೆಲಸ ಇತ್ತು. ಸರ್ಕಾರ ವಚನಗಳನ್ನು 15 ಸಂಪುಟಗಳಲ್ಲಿ ತಂದಾಗ ಪ್ರಧಾನ ಸಂಪಾದಕರಾಗಿದ್ದವರು ಕರ್ನಾಟಕ ವಿವಿಯಲ್ಲಿ ಪಾಠ ಮಾಡಿದ ಎಂ.ಎಂ. ಕಲಬುರ್ಗಿ. ತಿಂಗಳ ಸಂಬಳ, ಗ್ರಂಥಾಲಯ, ಜೊತೆಗೆ ದುಡಿಯುವ ಶಿಷ್ಯರು ಇದ್ದಾಗಲೇ ಅಷ್ಟು ದೊಡ್ಡ ಕೆಲಸಕ್ಕೆ ಜನ ತಯಾರಾಗುತ್ತಾರೆ.

ಪಂಪಾನಗರ
ಹಾವೇರಿ ವಿವಿ ಮುಚ್ಚುತ್ತಾರಂತೆ, ನಿಜವಾ?

ಸಪ್ತಾಪುರದವ
2025ರ ಆರಂಭದಲ್ಲಿ ಸಂಪುಟ ಉಪಸಮಿತಿಯಲ್ಲಿ ಒಂಬತ್ತು ಹೊಸ ವಿವಿಗಳ ಬಗ್ಗೆ ಆ ಮಾತು ಬಂದಿತ್ತು, ಹಾವೇರಿಯೂ ಪಟ್ಟಿಯಲ್ಲಿತ್ತು. ನನ್ನ ಸಿಟ್ಟು ಬೇರೆ. ಜಾಗ, ಹಣ, ಮೇಷ್ಟ್ರು ಕೊಡದೆ ಜಿಲ್ಲೆಗೊಂದು ಬೋರ್ಡು ಹಾಕುವುದು, ಆಮೇಲೆ "ನಡೆಯುತ್ತಿಲ್ಲ" ಅನ್ನುವುದು. ಹಳೇ ವಿವಿಗಳಲ್ಲೇ ಕಾಯಂ ಪ್ರಾಧ್ಯಾಪಕರು ನಿವೃತ್ತರಾದ ಜಾಗ ಖಾಲಿ ಬಿದ್ದಿದೆ. ಅತಿಥಿ ಉಪನ್ಯಾಸಕರು ಪಾಠ ಮಾಡಬಹುದು. ಆದರೆ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಹತ್ತು ವರ್ಷದ ಸಂಶೋಧನೆಗೆ ಹೇಗೆ ಕೈ ಹಾಕುತ್ತಾರೆ?

ಬ್ಯಾಡಗಿ ಕೆಂಪು
ನನ್ನ ದೂರು ಬೇರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ. ಎಣ್ಣೆ ತೆಗೆಯುವ ಕಾರ್ಖಾನೆಯವರು ಆ ಬಣ್ಣಕ್ಕೇ ಕೊಳ್ಳುತ್ತಾರೆ. ಆದರೆ ಹೊಲದಲ್ಲಿ ಬ್ಯಾಡಗಿಯ ಕಡ್ಡಿ, ಡಬ್ಬಿ ತಳಿಗಳು ಕಡಿಮೆಯಾಗುತ್ತಿವೆ. ಮುಟುರು ರೋಗ ಬಂದರೆ ಗಿಡ ಮುದುಡಿ ಹೋಗುತ್ತದೆ. 2021-22ರಲ್ಲಿ ಹೊಸ ಜಾತಿಯ ಥ್ರಿಪ್ಸ್ ನುಸಿ ಬಂದು ಹೂವನ್ನೇ ತಿಂದಿತು. ಆಂಧ್ರ, ತೆಲಂಗಾಣ, ನಮ್ಮ ಕಡೆ, ಎಲ್ಲ ಕಡೆ ಹಾನಿ. ಔಷಧಿ ಅಂಗಡಿಯವನು ಕೊಟ್ಟದ್ದನ್ನೆಲ್ಲ ಹೊಡೆದೆವು. ಹೊಡೆದಷ್ಟೂ ಜಾಸ್ತಿ ಆಯಿತು.

ದೇವಿಹೊಸೂರಿನಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ. ಅಲ್ಲಿಗೆ ಹೋದಾಗ ವಿಜ್ಞಾನಿ ಸಮಾಧಾನದಿಂದ ಕೂರಿಸಿ ಹೇಳಿದರು: ಒಂದೇ ಔಷಧಿ ಮೇಲಿಂದ ಮೇಲೆ ಬೇಡ, ನೀಲಿ ಅಂಟು ಹಾಳೆ ಕಟ್ಟಿ, ಹೊಲದ ಸುತ್ತ ಮೆಕ್ಕೆಜೋಳ ಹಾಕಿ, ಬೇವಿನ ಎಣ್ಣೆ ಬಳಸಿ. ಉಪಯೋಗ ಆಯಿತು. ಆದರೆ ಇಂಥ ಮಾತು ಅಂಗಡಿಯವನ ಮಾತಿಗಿಂತ ಮೊದಲು ನನ್ನ ಹೊಲಕ್ಕೆ ಬರಬೇಕಿತ್ತು. ಅವರು ಬೆರಳೆಣಿಕೆ ಜನ, ಅಂಗಡಿಗಳು ಊರಿಗೆ ನಾಲ್ಕು.

ಹತ್ತಿ ಹೊಲ
2024ರ ಮಾರ್ಚ್‌ನಲ್ಲಿ ದರ ಬಿದ್ದು ಸಿಟ್ಟಿಗೆದ್ದವರು ಬ್ಯಾಡಗಿ ಎಪಿಎಂಸಿಯಲ್ಲಿ ಬೆಂಕಿ ಹಚ್ಚಿದರಲ್ಲ, ಅದಕ್ಕೆ ವಿವಿ ಏನು ಮಾಡುತ್ತದೆ?

ಪಾಠದ ಮಾಸ್ತರ
ಮಾಡಬಹುದು. ಯಾವ ರಾಜ್ಯದಲ್ಲಿ ಎಷ್ಟು ಎಕರೆ ನಾಟಿ ಆಗಿದೆ, ಶೀತಲ ಗೋದಾಮಿನಲ್ಲಿ ಎಷ್ಟು ಉಳಿದಿದೆ ಅಂತ ನಾಟಿಯ ಹೊತ್ತಿಗೇ ಹೇಳುವ ಕೆಲಸ ಕೃಷಿ ಅರ್ಥಶಾಸ್ತ್ರ ವಿಭಾಗದ್ದು. ದಲಾಲರ ಬಳಿ ಆ ಲೆಕ್ಕ ಇರುತ್ತದೆ, ರೈತರ ಬಳಿ ಇರುವುದಿಲ್ಲ.

ಮುಂಡರಗಿ ಶೇಂಗಾ
ತಳಿ ಬಂದರೂ ಹೊಲ ಮುಟ್ಟದ ಕಥೆ ನಮ್ಮದು. ಧಾರವಾಡದವರು ಜಿಪಿಬಿಡಿ-4 ಅಂತ ಶೇಂಗಾ ತಳಿ ಮಾಡಿದ್ದಾರೆ. ತುಕ್ಕು ರೋಗ, ಎಲೆ ಚುಕ್ಕೆ ರೋಗ ಎರಡನ್ನೂ ತಡೆಯುತ್ತದೆ. ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಬೇರೆ ತಳಿಗಳಿಗೆ ರೋಗ ತಡೆಯುವ ಗುಣ ತುಂಬಲು ಇದನ್ನೇ ಬಳಸಿದ್ದಾರೆ. ಅಷ್ಟು ಹೆಸರು. ಆದರೆ ನಮ್ಮ ಸುತ್ತ ಎಷ್ಟೋ ಜನ ಇನ್ನೂ ಹಾಕುವುದು ಟಿಎಂವಿ-2. ಅದು 1940ರಲ್ಲಿ ತಮಿಳುನಾಡಿನಲ್ಲಿ ಬಂದ ತಳಿ!

ಕಾರಣ ಬೀಜ. ಜೋಳವಾದರೆ ಎಕರೆಗೆ ಮೂರು ಕೆಜಿ ಸಾಕು. ಶೇಂಗಾ ಎಕರೆಗೆ ಐವತ್ತು ಕೆಜಿ ಹತ್ತಿರ ಬೇಕು, ಒಂದಕ್ಕೆ ಎಂಟು ಹತ್ತು ಪಟ್ಟು ಮಾತ್ರ ಸಿಗುತ್ತದೆ. ವಿವಿ ಒಂದು ಕ್ವಿಂಟಲ್ ಮೂಲ ಬೀಜ ಕೊಟ್ಟರೆ ಅದು ಊರೆಲ್ಲ ಹರಡಲು ವರ್ಷಗಳು ಬೇಕು. ನಡುವೆ ಅದನ್ನು ಬೆಳೆಸಿ ಹಂಚುವವರು ಯಾರು? ಕಂಪನಿಗೆ ಲಾಭ ಇಲ್ಲ, ಯಾಕೆಂದರೆ ರೈತರು ಎತ್ತಿಟ್ಟುಕೊಂಡು ಬಿತ್ತುತ್ತಾರೆ. 2001ರ ತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಆ ಹಕ್ಕು ನಮಗೆ ಇದೆ.

ಅಣ್ಣಿಗೇರಿ ಕಡಲೆ
ನಮ್ಮ ಅಣ್ಣಿಗೇರಿ-1 ಕಡಲೆಗೂ ಇದೇ ಪಾಡು. ಬಣ್ಣ, ರುಚಿ ಎಲ್ಲ ಚೆನ್ನ, ಗಿಡ ಸೊರಗಿಸುವ ಸಿಡಿ ರೋಗ ಬಂದರೆ ಹೊಲ ಖಾಲಿ. ಈಗ ಧಾರವಾಡದವರು ಸೂಪರ್ ಅಣ್ಣಿಗೇರಿ ತಂದಿದ್ದಾರೆ, ಸಿಡಿ ತಡೆಯುತ್ತದೆ.

ಸಪ್ತಾಪುರದವ
ಅದು ರಾಯಚೂರು ಕೃಷಿ ವಿವಿ, ಇಕ್ರಿಸ್ಯಾಟ್ ಜೊತೆ ಸೇರಿ ಮಾಡಿದ್ದು.

ಅಣ್ಣಿಗೇರಿ ಕಡಲೆ
ಹೆಸರು ನಮ್ಮೂರಿನದು, ಸಾಕು!

ನಿರ್ವಾಹಕ
ಧಾರವಾಡ-ರಾಯಚೂರು ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ವಿಷಯಕ್ಕೆ ಅಂಟಿಕೊಳ್ಳಿ.

ಲ್ಯಾಬ್ ಕೋಟು
ಕೇಂದ್ರದವರು 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಮಾಡಿದರು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಗುರಿ. ರಾಜ್ಯದ ವಿವಿಗಳಿಗೆ ಹೆಚ್ಚು ಸಿಗಬೇಕು ಅನ್ನುವ ಉದ್ದೇಶವೂ ಇದೆ. ಆದರೆ ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕಂತೆ. @ಹುಬ್ಬಳ್ಳಿ ವ್ಯಾಪಾರಿ ಸರ್, ನಿಮ್ಮಂಥವರು ಕೊಡುತ್ತೀರಾ?

ಹುಬ್ಬಳ್ಳಿ ವ್ಯಾಪಾರಿ
ಕೊಡುತ್ತೇನೆ, ನನ್ನ ಅಳತೆಗೆ ತಕ್ಕಷ್ಟು. ನನಗೆ ಬೇಕಾದದ್ದು ಹೇಳುತ್ತೇನೆ. ಡಿಸಿಎಚ್-32 ಥರದ ಉದ್ದ ಎಳೆಯ ಹತ್ತಿ ನಮ್ಮ ಭಾಗದಲ್ಲಿ ಮತ್ತೆ ಸಾಕಷ್ಟು ಬೆಳೆಯಬೇಕು. ಈಗಲೂ ದೇಶ ಅಂಥ ಅರಳೆಯನ್ನು ಈಜಿಪ್ಟ್, ಅಮೆರಿಕದಿಂದ ತರಿಸುತ್ತಿದೆ. ಕಾಯಿಕೊರಕ ತಡೆಯುವ, ಬಿಡಿಸುವ ಕೂಲಿ ಕಡಿಮೆ ಆಗುವ ತಳಿ ಕೊಡಲಿ. ಗದಗ, ಹುಬ್ಬಳ್ಳಿಯ ಅರಳೆ ವ್ಯಾಪಾರಸ್ಥರನ್ನು ಸೇರಿಸಿ ವಂತಿಗೆ ಎತ್ತುವ ಜವಾಬ್ದಾರಿ ನನ್ನದು. ಆದರೆ ಎರಡು ಷರತ್ತು. ಪ್ರತಿ ವರ್ಷ ಏನಾಯಿತು ಅಂತ ಕನ್ನಡದಲ್ಲಿ ಎರಡು ಪುಟ ಬರೆದು ಕೊಡಬೇಕು. ಪ್ರಯೋಗ ಕೆಟ್ಟರೆ ಕೆಟ್ಟಿತು ಅಂತಲೇ ಬರೆಯಬೇಕು. ಪೇಪರ್ ಎಷ್ಟು ಬಂತು ಅಂತ ನಾನು ಕೇಳುವುದಿಲ್ಲ.

ಗದಗ ಹಳೇ ಕಾಗದ
ಷರತ್ತು ಒಪ್ಪುವಂಥದ್ದೇ. ಅವಧಿ ಎಷ್ಟು ಕೊಡುತ್ತೀರಿ?

ಹುಬ್ಬಳ್ಳಿ ವ್ಯಾಪಾರಿ
ಐದು ವರ್ಷ.

ಹತ್ತಿ ಹೊಲ
ಸಾಲದು. ಕ್ರಾಸ್ ಮಾಡಿ, ಆರಿಸಿ, ನಾಲ್ಕೈದು ಕಡೆ ಬೆಳೆದು ನೋಡಿ, ರೈತರ ಹೊಲದಲ್ಲಿ ಹಾಕಿ ಒಪ್ಪಿಗೆ ಪಡೆಯಲು ಹತ್ತು ವರ್ಷ ಬೇಕೇ ಬೇಕು. ಐದಕ್ಕೆ ನಿಲ್ಲಿಸಿದರೆ ಹಾಕಿದ ದುಡ್ಡೂ ಹೋಗುತ್ತದೆ.

ಹುಬ್ಬಳ್ಳಿ ವ್ಯಾಪಾರಿ
ಹತ್ತು ವರ್ಷಕ್ಕೆ ನಮ್ಮ ಸಂಘದವರನ್ನು ಒಪ್ಪಿಸುವುದು ಕಷ್ಟ ರೀ. ಕೃಷಿ ಮೇಳಕ್ಕೆ ಬರುತ್ತೇನೆ, ಹತ್ತಿ ವಿಭಾಗದವರನ್ನು ಎದುರಿಗೇ ಕೂರಿಸಿ ಕೇಳುತ್ತೇನೆ. ನೀವೂ ಬನ್ನಿ. ಹತ್ತು ಯಾಕೆ ಬೇಕು ಅಂತ ಅವರು ನನಗೆ ಅರ್ಥ ಮಾಡಿಸಲಿ.

ಮುಂಡರಗಿ ಶೇಂಗಾ
ಮೇಳದಲ್ಲಿ ಜಿಪಿಬಿಡಿ-4 ಬೀಜ ಸಿಗುತ್ತದಾ?

ಬ್ಯಾಡಗಿ ಕೆಂಪು
ಮೇಳ ಆಗುವುದು ಸೆಪ್ಟೆಂಬರ್ ಹೊತ್ತಿಗೆ, ಅಲ್ಲಿ ಹಿಂಗಾರಿ ಬೀಜಗಳೇ ಜಾಸ್ತಿ. ಮುಂಗಾರಿ ಶೇಂಗಾ ಬೇಕಾದರೆ ಏಪ್ರಿಲ್, ಮೇ ತಿಂಗಳಲ್ಲೇ ಕೃಷಿ ವಿವಿಯ ಬೀಜ ಘಟಕಕ್ಕೆ ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ನಿಮಗೆ ಅದೇ ಹತ್ತಿರ. ಮಳೆ ಬಿದ್ದ ಮೇಲೆ ಹೋದರೆ ಖಾಲಿ ಚೀಲ ಹಿಡಿದುಕೊಂಡು ಬರಬೇಕಾಗುತ್ತದೆ.